ಒಂಬತ್ತು ಗಂಟೆಯ ಗೇಟು

2009ರ ಜೂನ್ 3ರಂದು ಚಾಮರಾಜನಗರದ ಜಿಲ್ಲಾಧಿಕಾರಿ ಹೊರಡಿಸಿದ ಆದೇಶದ ತಿರುಳು ಇಷ್ಟೆ: ಬಂಡೀಪುರದ ಕಾಡನ್ನು ಹಾಯ್ದು ಹೋಗುವ ಎರಡು ರಾಷ್ಟ್ರೀಯ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಓಡಾಡಬಾರದು. ಗುಂಡ್ಲುಪೇಟೆಯಿಂದ ಒಂದು ರಸ್ತೆ ಕೇರಳದ ವಯನಾಡಿನ ಸುಲ್ತಾನ್ ಬತ್ತೇರಿಗೆ, ಇನ್ನೊಂದು ತಮಿಳುನಾಡಿನ ಊಟಿಗೆ. ಆಗಿನ ಲೆಕ್ಕದಲ್ಲಿ 212 ಮತ್ತು 67. ಈಗ 766 ಮತ್ತು 181 ಅಂತ ಬೋರ್ಡು ಬದಲಾಗಿದೆ, ಹಳಬರ ಬಾಯಲ್ಲಿ ಮಾತ್ರ ಇನ್ನೂ ಹಳೆಯ ನಂಬರೇ. ಆ ದಿನಗಳಲ್ಲಿ ಗುಂಡ್ಲುಪೇಟೆಯ ಹೋಟೆಲುಗಳಲ್ಲೂ ತರಕಾರಿ ಮಂಡಿಗಳಲ್ಲೂ ನಡೆಯುತ್ತಿದ್ದ ಮಾತುಕತೆಯ ಧಾಟಿ ನನಗೆ ಚೆನ್ನಾಗಿ ನೆನಪಿದೆ. ಹುಲಿಗೆ ಇರುವ ಬೆಲೆ ಮನುಷ್ಯನಿಗಿಲ್ಲವೆ, ಹೆದ್ದಾರಿಗೆ ಬಾಗಿಲು ಹಾಕಿದ್ದನ್ನು ಎಲ್ಲಾದರೂ ಕೇಳಿದ್ದೀರಾ, ಸಾಹೇಬರು ವರ್ಗವಾಗಿ ಹೋದರೆ ಎಲ್ಲ ಮೊದಲಿನಂತೆ ಆಗುತ್ತದೆ ಬಿಡಿ, ಹೀಗೆ. ಹೇಳಿದವರ ಊಹೆ ಪೂರ್ತಿ ಸುಳ್ಳೂ ಆಗಲಿಲ್ಲ. ಕೇರಳದ ಒತ್ತಡಕ್ಕೆ ಮಣಿದು ವಾರದೊಳಗೆ ಆದೇಶ ಹಿಂದಕ್ಕೆ ಹೋಯಿತು. ವಕೀಲ ಎಲ್. ಶ್ರೀನಿವಾಸ ಬಾಬು ಹೈಕೋರ್ಟಿಗೆ ಹೋದರು, ಜುಲೈ ಕೊನೆಯಲ್ಲಿ ಮಧ್ಯಂತರ ಆದೇಶದಿಂದ ನಿಷೇಧ ಮತ್ತೆ ಜಾರಿಗೆ ಬಂತು, 2010ರ ಮಾರ್ಚ್‌ನಲ್ಲಿ ಹೈಕೋರ್ಟು ಅದನ್ನು ಖಾಯಂ ಮಾಡಿತು. ಆಂಬುಲೆನ್ಸಿಗೆ, ಅಗ್ನಿಶಾಮಕ ವಾಹನಕ್ಕೆ, ಎರಡೂ ರಾಜ್ಯಗಳ ಲೆಕ್ಕವಿಟ್ಟ ಕೆಲವು ಸರ್ಕಾರಿ ಬಸ್ಸುಗಳಿಗೆ ವಿನಾಯಿತಿ ಕೊಟ್ಟಿತು. ಕೇರಳ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಮದ್ದೂರಿನ ಗೇಟು, ಮೇಲುಕಾಮನಹಳ್ಳಿಯ ಗೇಟು ಅಂದಿನಿಂದ ಇಂದಿನವರೆಗೆ ರಾತ್ರಿ ಒಂಬತ್ತಕ್ಕೆ ಬೀಳುತ್ತಲೇ ಇವೆ.

ಇದೇ ಗುಂಡ್ಲುಪೇಟೆ ಸೀಮೆಯಲ್ಲಿ 2025ರ ಏಪ್ರಿಲ್‌ನಲ್ಲಿ ಒಂದು ಪಾದಯಾತ್ರೆ ನಡೆಯಿತು. ನಿಷೇಧ ಸಡಿಲಿಸುವ ಮಾತು ರಾಜಕಾರಣಿಗಳಿಂದ ಕೇಳಿಬಂದಿದ್ದಕ್ಕೆ ಉತ್ತರವಾಗಿ ರೈತ ಸಂಘಟನೆಯವರು, ವಿದ್ಯಾರ್ಥಿಗಳು, ಪರಿಸರದ ಕೆಲಸ ಮಾಡುವವರು ಮದ್ದೂರು ಗೇಟಿನವರೆಗೆ ನಡೆದರು. ಗೇಟು ತೆಗೆಯಬೇಡಿ ಎನ್ನುವುದೇ ಅವರ ಒತ್ತಾಯ. ಹದಿನಾರು ವರ್ಷದಲ್ಲಿ ಊರಿನ ಬಾಯಿಮಾತು ಹೀಗೆ ಮಗುಚಿಕೊಂಡಿತು. ಈ ನಡುವೆ ನಮ್ಮ ಜನ ಕೂತು ಪರಿಸರ ಶಾಸ್ತ್ರ ಓದಿದರೆ? ಜಾಗೃತಿ ಶಿಬಿರಗಳು, ಜಾಥಾಗಳು, ಜೂನ್ 5ರ ಸಸಿ ನೆಡುವ ಕಾರ್ಯಕ್ರಮಗಳು ಎಲ್ಲ ಜಿಲ್ಲೆಗಳಲ್ಲಿ ನಡೆದಷ್ಟೇ ಇಲ್ಲೂ ನಡೆದವು. ಅವು ಮನಸ್ಸು ತಿರುಗಿಸಿದ್ದರೆ ರಾಜ್ಯದ ತುಂಬ ತಿರುಗಬೇಕಿತ್ತು. ಮೊದಲು ಜನರ ಮನೋಭಾವ ಬದಲಾಗಬೇಕು, ಆಮೇಲೆ ವ್ಯವಸ್ಥೆ ಬದಲಾಗುತ್ತದೆ ಎಂದು ನಮ್ಮ ಭಾಷಣಕಾರರು ಹೇಳುವುದುಂಟು. ಓಡಾಟದ ವಿಷಯದಲ್ಲಾದರೂ ಚಾಮರಾಜನಗರ ಜಿಲ್ಲೆಯ ಅನುಭವ ಇದಕ್ಕೆ ಉಲ್ಟಾ. ಎಲ್ಲರಿಗೂ ಸಮನಾದ ಒಂದು ಕಟ್ಟಲೆ ಬಂದು, ಅದರ ಜೊತೆಗೇ ಹೋಗಿಬರುವುದಕ್ಕೆ ಒಂದು ದಾರಿಯೂ ಸಿಕ್ಕಿದರೆ, ಬೈಯುತ್ತಲೇ ಒಗ್ಗಿಕೊಂಡ ಜನ ಕೆಲವು ವರ್ಷದಲ್ಲಿ ಅದನ್ನು ತಮ್ಮದೆಂದು ಕಾಯುತ್ತಾರೆ. ಎರಡರಲ್ಲಿ ಒಂದು ತಪ್ಪಿದರೂ ಉಪದೇಶ ಗಾಳಿಗೆ ಹೋಗುತ್ತದೆ. ನಾನು ಹೇಳಬೇಕೆಂದಿರುವುದು ಇದನ್ನೇ, ಮತ್ತು ಇದಕ್ಕೆ ಬರುವ ಆಕ್ಷೇಪಣೆಗಳು ಹಗುರವಾದವಲ್ಲ ಎನ್ನುವುದನ್ನೂ.

ಮೊದಲ ಆಕ್ಷೇಪಣೆ ನೇರವಾಗಿ ಎದೆಗೇ ಬರುತ್ತದೆ. ಗೇಟು ಬಿದ್ದರೆ ಗುಂಡ್ಲುಪೇಟೆಯವನಿಗೆ ಏನು ನಷ್ಟ? ಅವನ ಆಸ್ಪತ್ರೆ, ಕಾಲೇಜು, ಕೋರ್ಟು ಎಲ್ಲ ಮೈಸೂರು, ಚಾಮರಾಜನಗರದ ಕಡೆಗಿವೆ. ಕಷ್ಟವೆಲ್ಲ ವಯನಾಡಿನವರಿಗೆ, ಹೊಗಳಿಕೆ ಮಾತ್ರ ನಮಗೆ. ಇದರಲ್ಲಿ ನಿಜವಿದೆ. 2019ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬತ್ತೇರಿಯಲ್ಲಿ ಯುವಕರು ಉಪವಾಸ ಕೂತಾಗ ಸಾವಿರಾರು ಜನ ಸೇರಿದ್ದು ಸುಮ್ಮನೆ ಅಲ್ಲ. ಹಗಲಿಡೀ ದುಡಿದು ರಾತ್ರಿ ಬೆಂಗಳೂರಿಗೆ ಹೊರಡಬೇಕಾದವನಿಗೆ ಒಂಬತ್ತು ಗಂಟೆಯ ಗೇಟು ದಿನವೂ ಎದುರಾಗುವ ಅಡ್ಡಿ. ಆದರೆ ಈಚೆ ಬದಿಗೆ ನಷ್ಟವೇ ಇಲ್ಲ ಎನ್ನುವುದು ಗುಂಡ್ಲುಪೇಟೆಯ ವ್ಯವಹಾರ ಗೊತ್ತಿಲ್ಲದವರ ಮಾತು. ತೆರಕಣಾಂಬಿ, ಗುಂಡ್ಲುಪೇಟೆಗಳಿಂದ ಟೊಮೆಟೊ, ಕೋಸು, ಸಣ್ಣ ಈರುಳ್ಳಿ, ಓಣಂ ಹೊತ್ತಿಗೆ ಚೆಂಡು ಹೂವು, ಎಲ್ಲಕ್ಕೂ ದೊಡ್ಡ ಗಿರಾಕಿ ಕೇರಳವೇ. ಬಿಸಿಲಿಗೆ ಬಾಡುವ ಮಾಲು ರಾತ್ರಿಯ ತಂಪಿನಲ್ಲಿ ಹೋದರೆ ಒಳ್ಳೆಯದೆಂಬುದು ಯಾವ ರೈತನಿಗೂ ಹೇಳಿಕೊಡಬೇಕಾಗಿಲ್ಲ. ಗೇಟು ಬಂದ ಮೇಲೆ ಕೊಯ್ಲಿನ ಹೊತ್ತು, ಲೋಡಿನ ಹೊತ್ತು, ಪಿಕಪ್ ಹೊರಡುವ ಹೊತ್ತು ಎಲ್ಲ ಸರಿದವು. ಹೆದ್ದಾರಿ ಬದಿಯಲ್ಲಿ ರಾತ್ರಿಯಿಡೀ ತೆರೆದಿರುತ್ತಿದ್ದ ಹೋಟೆಲುಗಳ ವ್ಯಾಪಾರ ಇಳಿಯಿತು. ಬೆಳಗಿನ ಜಾವ ಆರಕ್ಕೆ ಮುಂಚೆ ಗೇಟಿನ ಮುಂದೆ ಲಾರಿಗಳ ಸಾಲು ನಿಲ್ಲುವುದು ಇವತ್ತಿಗೂ ಮಾಮೂಲು. ಜನ ಈ ನಷ್ಟವನ್ನು ನುಂಗಿಕೊಂಡರು, ಯಾಕೆಂದರೆ ನಷ್ಟ ಎಲ್ಲರಿಗೂ ಸಮನಾಗಿತ್ತು. ಎದುರು ಮಂಡಿಯವನ ಲಾರಿಗೆ ಬಿಟ್ಟು ತನ್ನ ಲಾರಿಯನ್ನು ಮಾತ್ರ ತಡೆದಿದ್ದರೆ ಯಾರೂ ಸಹಿಸುತ್ತಿರಲಿಲ್ಲ. ಶಾಸಕರ ಕಾರೂ ಒಂಬತ್ತರ ಮೇಲೆ ನಿಲ್ಲಬೇಕು ಎನ್ನುವ ನಂಬಿಕೆ ಎಷ್ಟರಮಟ್ಟಿಗೆ ಇದೆಯೋ ಅಷ್ಟರಮಟ್ಟಿಗೆ ಗೇಟಿಗೆ ಮರ್ಯಾದೆ ಇದೆ.

ಕಟ್ಟಲೆಯೊಂದೇ ಬಂದು ದಾರಿ ಬಾರದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಜಿಲ್ಲೆಯ ಇನ್ನೊಂದು ಅಂಚನ್ನು ನೋಡಬೇಕು. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಇಳಿಯುವ ಹೆದ್ದಾರಿ ದಿಂಬಂ ಘಾಟಿಯ 27 ತಿರುವುಗಳಲ್ಲಿ ಸುತ್ತಿ ಬಣ್ಣಾರಿಗೆ ಸೇರುತ್ತದೆ. ಆಸನೂರು, ಕಾರಪಳ್ಳದ ಬಳಿ ಆನೆಗಳು ಕಬ್ಬಿನ ಲಾರಿಯನ್ನು ಅಡ್ಡಗಟ್ಟಿ ಜಲ್ಲೆ ಎಳೆದುಕೊಳ್ಳುವುದು ಆ ರಸ್ತೆಯ ಡ್ರೈವರುಗಳಿಗೆ ಹಳೆಯ ಕಥೆ. ಮದರಾಸು ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿಯಿಂದ ಅಲ್ಲೂ ರಾತ್ರಿ ಸಂಚಾರಕ್ಕೆ ಕಡಿವಾಣ ಬಿತ್ತು. ತಕ್ಷಣ ಸಿಡಿದೆದ್ದವರು ತಾಳವಾಡಿಯವರು. ತಾಳವಾಡಿ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ್ದರೂ ಮನೆಮಾತು ಬಹುಪಾಲು ಕನ್ನಡವೇ, ಡಾ. ರಾಜಕುಮಾರರ ಗಾಜನೂರು ಇರುವುದು ಅಲ್ಲೇ. ತರಕಾರಿ, ಹಾಲು ಇಳಿಯಬೇಕಾದದ್ದು ಆ ಘಾಟಿಯಲ್ಲಿ, ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದದ್ದೂ ಆ ಘಾಟಿಯಲ್ಲಿ. ಬಂಡೀಪುರಕ್ಕೆ ಹುಣಸೂರು, ಗೋಣಿಕೊಪ್ಪ, ಕುಟ್ಟದ ಸುತ್ತು ಇದ್ದಂತೆ ಅವರಿಗೆ ಹತ್ತಿರದ ಬದಲಿ ರಸ್ತೆಯೇ ಇರಲಿಲ್ಲ. ಬೀದಿಗಿಳಿದ ಮೇಲೆ ಸ್ಥಳೀಯರ ವಾಹನಗಳಿಗೆ ವಿನಾಯಿತಿ ಸಿಕ್ಕಿತು. ಅದೇ ಆನೆ, ಅದೇ ಕಾಡು, ಹೆಚ್ಚುಕಮ್ಮಿ ಅದೇ ಕಟ್ಟಲೆ. ಆದರೂ ಗುಂಡ್ಲುಪೇಟೆಯಲ್ಲಿ ಕಂಡ ಒಪ್ಪಿಗೆ ತಾಳವಾಡಿಯಲ್ಲಿ ಆ ಹೊತ್ತಿಗೆ ಕಾಣಲಿಲ್ಲ. ಇದಕ್ಕೆ ತಾಳವಾಡಿಯವರಿಗೆ ಪರಿಸರ ಪ್ರಜ್ಞೆ ಕಡಿಮೆ ಎಂದು ಷರಾ ಬರೆಯುವವರು ಇರಬಹುದು. ನನ್ನ ಮಟ್ಟಿಗೆ ಅದು ಸೋಮಾರಿತನದ ಮಾತು.

ಬಂಡೀಪುರದ ಗೇಟು ಬೇಡ ಎನ್ನುವುದಕ್ಕೆ ಕೂತ ಉಪವಾಸ, ಬೇಕು ಎನ್ನುವುದಕ್ಕೆ ನಡೆದ ಪಾದಯಾತ್ರೆ ಪತ್ರಿಕೆಗಳಲ್ಲಿ ಬಂದವು. ಅಷ್ಟು ಸುದ್ದಿಯಾಗದೆ, ಇನ್ನೂ ದೊಡ್ಡ ಪಾಠ ಕಲಿಸಿದ್ದು ಅದೇ ತಾಲ್ಲೂಕಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಗುಂಡ್ಲುಪೇಟೆಯಿಂದ ಊಟಿ ರಸ್ತೆಯಲ್ಲಿ ಹಂಗಳ ಸಿಕ್ಕುತ್ತದೆ, ಅಲ್ಲಿಂದ ಬಲಕ್ಕೆ ತಿರುಗಿದರೆ ಬೆಟ್ಟದ ದಾರಿ. 1,454 ಮೀಟರ್ ಎತ್ತರದ ಬೆಟ್ಟ, ಹುಲಿ ಸಂರಕ್ಷಿತ ಪ್ರದೇಶದ ಒಳಗೇ ಇರುವ ದೇವಸ್ಥಾನ. ಮೊದಲು ಶನಿವಾರ, ಭಾನುವಾರ ಬಂತೆಂದರೆ ಕಾರುಗಳು ಗುಡಿಯ ಬುಡದವರೆಗೂ ಏರುತ್ತಿದ್ದವು. ತಿರುವಿನಲ್ಲಿ ಎದುರುಬದುರಾಗಿ ಸಿಕ್ಕಿಕೊಂಡು ಹಾರನ್ ಒತ್ತುವುದು, ಹುಲ್ಲುಗಾವಲಿಗೆ ಕಾರು ಇಳಿಸಿ ಊಟದ ಡಬ್ಬಿ ಬಿಚ್ಚುವುದು, ಪ್ಲಾಸ್ಟಿಕ್ ಕವರು ಅಲ್ಲೇ ಬಿಡುವುದು. ಈಗ ಬೆಟ್ಟದ ತಪ್ಪಲಿನ ಚೆಕ್‌ಪೋಸ್ಟಿನಲ್ಲಿ ಎಲ್ಲ ಖಾಸಗಿ ವಾಹನಗಳೂ ನಿಲ್ಲುತ್ತವೆ. ಕೆಎಸ್‌ಆರ್‌ಟಿಸಿಯ ಬಸ್ಸು ಮೇಲಕ್ಕೆ ಕರೆದೊಯ್ದು ಮತ್ತೆ ಕೆಳಕ್ಕೆ ತಂದುಬಿಡುತ್ತದೆ. ಸಂಜೆ ನಾಲ್ಕರ ಹೊತ್ತಿಗೆ ಬೆಟ್ಟ ಬರಿದು.

ಅಲ್ಲಿನ ಸಾಲಿನಲ್ಲಿ ನಿಂತವರನ್ನು ಗಮನಿಸಬೇಕು. ಬೆಂಗಳೂರಿನಿಂದ ಬಂದ ದೊಡ್ಡ ಕಾರಿನವರು ಮೊದಲು ಸಿಬ್ಬಂದಿಯನ್ನು ವಿಚಾರಿಸುತ್ತಾರೆ, ಸ್ಪೆಷಲ್ ಪಾಸ್ ಏನಾದರೂ ಇದೆಯೆ ಎಂದು. ಇಲ್ಲವೆಂದು ಗೊತ್ತಾದ ಮೇಲೆ ಕಾರಿನ ಗಾಜು ಏರಿಸಿ, ಮಕ್ಕಳನ್ನು ಇಳಿಸಿಕೊಂಡು, ಹಂಗಳದ ಕಡೆಯಿಂದ ಬಂದ ಅಜ್ಜಿಯ ಹಿಂದೆ ನಿಲ್ಲುತ್ತಾರೆ. ಬಸ್ಸು ಬರುವುದು ಸ್ವಲ್ಪ ತಡವಾದರೆ ಗೊಣಗಾಟ. ಹತ್ತಿ ಕೂತು ಮೊದಲ ಎರಡು ತಿರುವು ದಾಟಿ ಕಣಿವೆ ಬಿಚ್ಚಿಕೊಂಡಾಗ ಗೊಣಗಾಟ ನಿಂತು ಎಲ್ಲರ ಫೋನೂ ಕಿಟಕಿಯ ಕಡೆ. ಡ್ರೈವರ್ ಒಂದು ಕಡೆ ನಿಧಾನ ಮಾಡಿ ಆನೆ ಅಥವಾ ಕಡವೆ ತೋರಿಸಿದರಂತೂ ಬಸ್ಸೆಲ್ಲ ಒಂದೇ ಮನೆಯವರಂತೆ ಪಿಸುಗುಡುತ್ತದೆ. ಐವತ್ತು ಜನ ತುಂಬಿದ ಒಂದು ಬಸ್ಸು ಅಂದರೆ ನಾಲ್ಕು ನಾಲ್ಕು ಜನರ ಹನ್ನೆರಡು, ಹದಿಮೂರು ಕಾರು. ಅಷ್ಟು ಕಾರುಗಳು ಆ ರಸ್ತೆಗೆ ಇಳಿಯಲಿಲ್ಲ. ಯಾರಿಗೂ ಇಂಗಾಲದ ಪಾಠ ಹೇಳಲಿಲ್ಲ, ಪ್ರತಿಜ್ಞೆ ಬೋಧಿಸಲಿಲ್ಲ. ಕಾರು ಇಲ್ಲದವನಿಗೂ ಬೆಟ್ಟ ಹತ್ತುವುದು ಸಲೀಸಾಯಿತು ಎನ್ನುವುದು ಇದರ ಇನ್ನೊಂದು ಮುಖ; ನನಗೆ ಹೆಚ್ಚು ಮುಖ್ಯವೆನಿಸುವುದು ಅದೇ. ಮೊದಲು ಬಾಡಿಗೆ ಜೀಪಿಗೆ ದುಡ್ಡು ಕೂಡಿಸಲಾರದವರು ಹಂಗಳದಿಂದಲೇ ಕೈಮುಗಿದು ಮುಂದೆ ಹೋಗುತ್ತಿದ್ದರು.

ಹಿಂದಕ್ಕೆ ಹೋಗಿ ಸೈಕಲ್ಲನ್ನು ನೆನೆಯದೆ ಈ ವಾದ ಪೂರ್ತಿಯಾಗದು, ಯಾಕೆಂದರೆ ಅಲ್ಲಿ ಇದೇ ನಿಯಮ ತಲೆಕೆಳಗಾಗಿ ಕೆಲಸ ಮಾಡಿತು. ಈ ಸೀಮೆಯಲ್ಲಿ ಗಂಟೆ ಲೆಕ್ಕದಲ್ಲಿ ಸೈಕಲ್ ಬಾಡಿಗೆಗೆ ಕೊಡುವ ಅಂಗಡಿಗಳು ಪ್ರತಿ ಸಣ್ಣ ಊರಿನಲ್ಲೂ ಇದ್ದವು. ಕ್ಯಾರಿಯರಿನ ಎರಡು ಬದಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ಹೋಗುವವರು, ರೇಷ್ಮೆ ಗೂಡಿನ ಮೂಟೆ ಹೇರಿಕೊಂಡು ಕೊಳ್ಳೇಗಾಲದ ದಾರಿ ಹಿಡಿದವರು, ಸಂಜೆ ಡೈನಮೊ ಒತ್ತಿಕೊಂಡು ಮನೆಗೆ ಮರಳುವ ಮೇಷ್ಟ್ರುಗಳು. ಡೈನಮೊ ದೀಪದ ಬೆಳಕು ತುಳಿತಕ್ಕೆ ತಕ್ಕಂತೆ. ದಿಣ್ಣೆ ಹತ್ತುವಾಗ ಕೆಂಪಗೆ ಕುಂದಿ, ಇಳಿಜಾರಿನಲ್ಲಿ ಬೆಳ್ಳಗೆ ಉರಿಯುತ್ತಿತ್ತು. ಬ್ಯಾಟರಿ ಇಲ್ಲ, ಚಾರ್ಜು ಇಲ್ಲ. ಆಗ ಸೈಕಲ್ಲಿಗೆ ಗೌರವವೂ ಇತ್ತು. ಮದುವೆಯಲ್ಲಿ ಗಂಡಿಗೆ ವಾಚು, ರೇಡಿಯೊ, ಸೈಕಲ್ಲು ಕೊಟ್ಟರೆಂದರೆ ಬೀಗರು ಕೈ ಬಿಚ್ಚಿದರು ಎನ್ನುತ್ತಿದ್ದರು. ವರದಕ್ಷಿಣೆಯ ಪಟ್ಟಿಗಿಂತ ಪ್ರಾಮಾಣಿಕವಾದ ಸಾಮಾಜಿಕ ದಾಖಲೆ ಇನ್ನೊಂದಿಲ್ಲ, ಅದರ ಅನಿಷ್ಟ ಒತ್ತಟ್ಟಿಗಿರಲಿ. ಆ ಪಟ್ಟಿಯಲ್ಲಿ ಸೈಕಲ್ಲಿನ ಜಾಗಕ್ಕೆ ಹೀರೋ ಹೋಂಡಾ ಬಂದ ದಿನವೇ ಸೈಕಲ್ಲು ಬಡವನ ಗುರುತಾಯಿತು. ಜನರ ಪರಿಸರ ಪ್ರೇಮ ಆ ವರ್ಷ ಕುಸಿಯಿತೆಂದು ಇದಕ್ಕೆ ಅರ್ಥವಲ್ಲ. ರಸ್ತೆ ಅಗಲವಾಯಿತು, ವೇಗ ಹೆಚ್ಚಿತು, ಕ್ವಾರಿಯ ಟಿಪ್ಪರುಗಳು ಬಂದವು, ಸೈಕಲ್ಲಿಗೆಂದು ಒಂದು ಮೊಳ ಅಂಚನ್ನೂ ಯಾರೂ ಬಿಡಲಿಲ್ಲ. ಪ್ರಾಣಭಯ ಇರುವ ಕಡೆ ಒಲವು ಉಳಿಯುವುದಾದರೂ ಹೇಗೆ?

2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಆರಂಭಿಸಿದಾಗ ಈ ಇಳಿಕೆಗೆ ಒಂದು ತಡೆ ಬಿದ್ದಿತ್ತು. ಹಳ್ಳಿಯ ಹೆಣ್ಣುಮಕ್ಕಳು ಗುಂಪು ಕಟ್ಟಿಕೊಂಡು, ಸಮವಸ್ತ್ರದಲ್ಲಿ, ಹೈಸ್ಕೂಲಿನವರೆಗೆ ತುಳಿದುಕೊಂಡು ಹೋಗುವುದು ಬೆಳಗಿನ ಮಾಮೂಲು ದೃಶ್ಯವಾಯಿತು. ಹುಡುಗಿ ಸೈಕಲ್ ಹೊಡೆಯುವುದೆ ಎಂದು ಮೂಗು ಮುರಿಯುತ್ತಿದ್ದ ಮನೆಗಳಲ್ಲೇ, ತರಗತಿಯ ಎಲ್ಲರಿಗೂ ಒಂದೇ ಥರದ್ದು ಬಂದಾಗ ಆ ಮಾತು ನಿಂತಿತು. ಮತ್ತೆ ಅದೇ ಸಮಾನತೆಯ ಸಂಗತಿ ನೋಡಿ. ಸೈಕಲ್ಲಿನ ಗುಣಮಟ್ಟದ ಬಗ್ಗೆ ದೂರುಗಳಿದ್ದವು, ತಕರಾರಿಲ್ಲ. ಆದರೆ ಕೋವಿಡ್ ಕಾಲದಲ್ಲಿ ನಿಂತ ಯೋಜನೆಯನ್ನು ಆಮೇಲೆ ಯಾವ ಪಕ್ಷದ ಸರ್ಕಾರವೂ ಸರಿಯಾಗಿ ಎತ್ತಿ ನಿಲ್ಲಿಸಲಿಲ್ಲ. 2017ರಲ್ಲಿ ಮೈಸೂರಿನಲ್ಲಿ ಟ್ರಿಣ್ ಟ್ರಿಣ್ ಹೆಸರಿನ ಸಾರ್ವಜನಿಕ ಸೈಕಲ್ ಸೇವೆ ಆರಂಭವಾದಾಗ ದೇಶವೆಲ್ಲ ಬೆನ್ನು ತಟ್ಟಿತು. ನಗರದ ಸೈಕಲ್ಲಿಗೆ ಸಿಕ್ಕ ಚಪ್ಪಾಳೆಯಲ್ಲಿ ಕಾಲುಭಾಗವೂ ಹಳ್ಳಿ ಹುಡುಗಿಯ ಸೈಕಲ್ಲಿಗೆ ಸಿಗಲಿಲ್ಲ. ಇನ್ನು ಕಾಲ್ನಡಿಗೆಯ ಕಥೆಯೂ ವಿಚಿತ್ರವೇ. ಶಿವರಾತ್ರಿಗೆ, ಯುಗಾದಿಗೆ ಮಲೆ ಮಹದೇಶ್ವರ ಬೆಟ್ಟಕ್ಕೆ ತಾಳುಬೆಟ್ಟದ ದಾರಿಯಲ್ಲಿ ಸಾವಿರಾರು ಜನ ನಡೆಯುತ್ತಾರೆ; ಹರಕೆಯ ನಡಿಗೆಗೆ ದಾರಿಯುದ್ದಕ್ಕೂ ಮಜ್ಜಿಗೆ, ಪಾನಕ, ನಮಸ್ಕಾರ. ಅದೇ ಮನುಷ್ಯ ಮಾರನೆಯ ವಾರ ಪೇಟೆಗೆ ನಡೆದು ಹೋದರೆ, ಪಾಪ ಗಾಡಿ ಇಲ್ಲವೇನೋ ಎಂಬ ಅನುಕಂಪ. ನಡಿಗೆಯನ್ನು ಕೀಳೆಂದು ಕಾಣುವ ಸ್ವಭಾವ ನಮ್ಮ ಜನಕ್ಕೆ ಹುಟ್ಟಿನಿಂದ ಬಂದದ್ದಲ್ಲ ಎನ್ನುವುದಕ್ಕೆ ಮಾದಪ್ಪನ ಪರಿಷೆಯೇ ಸಾಕ್ಷಿ.

ಬಸ್ಸಿನ ವಿಷಯಕ್ಕೆ ಬರೋಣ. 2023ರ ಜೂನ್ 11ರಂದು ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಶುರುವಾಯಿತು. ರಾಜ್ಯದ ನಾಲ್ಕು ಸಾರಿಗೆ ನಿಗಮಗಳಲ್ಲಿ ಸೇರಿ ದಿನಕ್ಕೆ ಸುಮಾರು 84 ಲಕ್ಷ ಇದ್ದ ಪ್ರಯಾಣಿಕರ ಸಂಖ್ಯೆ ಕೋಟಿ ದಾಟಿತು. 2025ರ ಜುಲೈ ಹೊತ್ತಿಗೆ ಮಹಿಳೆಯರ ಉಚಿತ ಪ್ರಯಾಣ 500 ಕೋಟಿ ಮುಟ್ಟಿತು. ಇದು ಹಸಿರು ಯೋಜನೆಯೆಂದು ಯಾರೂ ಜಾಹೀರಾತು ಕೊಡಲಿಲ್ಲ. ಆದರೂ ಸರ್ಕಾರಿ ಬಸ್ಸಿನ ಬಗ್ಗೆ ಜನರ ಭಾವನೆಯನ್ನು ಅದು ಅಲುಗಿಸಿದಷ್ಟು ಬೇರೆ ಯಾವುದೂ ಅಲುಗಿಸಿಲ್ಲ. ಇಲ್ಲೊಂದು ಗಟ್ಟಿ ಆಕ್ಷೇಪಣೆ ಉಂಟು: ಬಿಟ್ಟಿ ಬಸ್ಸು ಹೊಸ ಓಡಾಟವನ್ನು ಹುಟ್ಟಿಸಿತೇ ಹೊರತು ಸ್ಕೂಟರು, ಕಾರುಗಳ ಓಡಾಟವನ್ನು ಕಡಿಮೆ ಮಾಡಲಿಲ್ಲ, ಹಾಗಿದ್ದಮೇಲೆ ಪರಿಸರಕ್ಕೆ ಏನು ಲಾಭ? ಒಪ್ಪುತ್ತೇನೆ. ಗುಂಡ್ಲುಪೇಟೆಯ ಕೂಲಿ ಹೆಣ್ಣುಮಗಳು ತವರಿಗೆ ತಿಂಗಳಿಗೊಮ್ಮೆ ಹೋಗುವಂತಾದದ್ದು ಯಾವ ಕಾರನ್ನೂ ರಸ್ತೆಯಿಂದ ತೆಗೆಯಲಿಲ್ಲ. ಆದರೆ ಅವಳು ಮುಂಚೆ ಪ್ರಯಾಣ ಮಾಡದೆ ಉಳಿಸಿದ ಹೊಗೆಯನ್ನು ಪರಿಸರ ಸೇವೆ ಎಂದು ಲೆಕ್ಕ ಹಾಕುವುದು ನಾಚಿಕೆಗೇಡು. ಬಡವರು ಮನೆಯಲ್ಲೇ ಕೂತಿದ್ದರಿಂದ ಗಾಳಿ ಶುದ್ಧವಾಗಿತ್ತು ಎನ್ನುವ ವಾದಕ್ಕೆ ನನ್ನ ಬಳಿ ಸೌಜನ್ಯದ ಉತ್ತರವಿಲ್ಲ. ಓಡಾಟ ಹೆಚ್ಚುವುದಿದ್ದರೆ ಅದು ಬಸ್ಸಿನಲ್ಲಿ ಹೆಚ್ಚಲಿ. ಮುಂದೆ ಕೈಯಲ್ಲಿ ನಾಲ್ಕು ಕಾಸು ಆಡಿದಾಗ ಈ ಹೆಂಗಸರು ಗಾಡಿ ಕೊಳ್ಳುತ್ತಾರೋ ಬಸ್ಸಿನಲ್ಲೇ ಉಳಿಯುತ್ತಾರೋ ಎನ್ನುವುದು ಬಸ್ಸು ಹೊತ್ತಿಗೆ ಬರುತ್ತದೆಯೆ ಎನ್ನುವುದರ ಮೇಲೆ ನಿಂತಿದೆ. ನೂಕುನುಗ್ಗಲಿನ ದೂರು ನಿಜ. ಬಾಗಿಲಲ್ಲಿ ಜೋತಾಡುವ ಕಾಲೇಜು ಹುಡುಗರನ್ನು ಚಾಮರಾಜನಗರದ ಯಾವ ರಸ್ತೆಯಲ್ಲೂ ನೋಡಬಹುದು. 2025ರ ಜನವರಿಯಲ್ಲಿ ಟಿಕೆಟ್ ದರ ಶೇ. 15 ಏರಿದ್ದರಿಂದ ದುಡ್ಡು ಕೊಟ್ಟು ಹೋಗುವ ಗಂಡಸರಿಗೆ ಉರಿಯುವುದೂ ಸಹಜ. ಬಸ್ಸಿನ ಸಂಖ್ಯೆ ಹೆಚ್ಚಿಸದೆ ಪ್ರಯಾಣಿಕರನ್ನು ಮಾತ್ರ ಹೆಚ್ಚಿಸಿದರೆ ಗಳಿಸಿದ ಒಲವು ಬೇಗ ಕರಗುತ್ತದೆ.

ರೈಲಿನ ಮಾತು ಚಿಕ್ಕದು. 1926ರಲ್ಲಿ ಚಾಮರಾಜನಗರಕ್ಕೆ ಮೀಟರ್‌ಗೇಜ್ ರೈಲು ಬಂತು, ಮೈಸೂರಿನಿಂದ 61 ಕಿಲೋಮೀಟರು. ಬ್ರಾಡ್‌ಗೇಜ್ ಆದ ಮೇಲೂ ಹಳಿ ಅಲ್ಲಿಗೇ ಮುಗಿಯುತ್ತದೆ. ಗುಂಡ್ಲುಪೇಟೆಗೆ ರೈಲೇ ಇಲ್ಲ. ಸತ್ಯಮಂಗಲದ ಕಡೆಗೆ, ವಯನಾಡಿನ ಕಡೆಗೆ ಹಳಿ ಎಳೆಯುವ ಯೋಜನೆಗಳು ಬಹುಕಾಲದಿಂದ ಕಾಗದದ ಮೇಲಿವೆ, ಎದುರಿಗೆ ಕಾಡು ಇದೆ. ರೈಲು ಹಸಿರು ಸಾರಿಗೆಯೆಂದು ಕಾಡಿನ ಎದೆ ಸೀಳಿ ಹಳಿ ಹಾಕುವುದನ್ನು ನಾನಂತೂ ಒಪ್ಪಲಾರೆ. ಇರುವ 61 ಕಿಲೋಮೀಟರಿನಲ್ಲಿ ರೈಲುಗಳನ್ನು ಹೆಚ್ಚಿಸಿ, ಚಾಮರಾಜನಗರದ ನಿಲ್ದಾಣಕ್ಕೆ ಗುಂಡ್ಲುಪೇಟೆ, ಯಳಂದೂರುಗಳ ಬಸ್ಸಿನ ಹೊತ್ತನ್ನು ಜೋಡಿಸಿದರೆ ಅದೇ ದೊಡ್ಡ ಕೆಲಸ. ರೈಲಿಳಿದವನು ಬಸ್ಸು ಹೋದ ಧೂಳು ನೋಡುತ್ತ ನಿಲ್ಲುವಂತಾದರೆ ಅವನ ಮನಸ್ಸು ಮೋಟಾರು ಸೈಕಲ್ಲಿನ ಷೋರೂಮಿನ ಕಡೆಗೇ ಓಡುತ್ತದೆ.

ಈಗಿನ ಕಾಲದ ಉತ್ತರ ಇನ್ನೊಂದಿದೆ: ಎಲ್ಲರೂ ಎಲೆಕ್ಟ್ರಿಕ್ ವಾಹನ ಕೊಂಡರೆ ಮುಗಿಯಿತಲ್ಲ, ಈ ಗೇಟು, ಸಾಲು, ಬಸ್ಸು ಯಾಕೆ? ಕರ್ನಾಟಕ 2017ರಲ್ಲೇ ಎಲೆಕ್ಟ್ರಿಕ್ ವಾಹನ ನೀತಿ ತಂದ ಮೊದಲ ರಾಜ್ಯ. ಗುಂಡ್ಲುಪೇಟೆಯ ಬೀದಿಗಳಲ್ಲೂ ಸದ್ದಿಲ್ಲದ ಸ್ಕೂಟರುಗಳು ಓಡುತ್ತಿವೆ. ಪೇಟೆಯೊಳಗಿನ ಓಡಾಟಕ್ಕೆ ಅವು ಒಳ್ಳೆಯವು, ಹೊಗೆಯೂ ಇಲ್ಲ, ಗದ್ದಲವೂ ಇಲ್ಲ. ಆದರೆ ಕಾಡಿನ ರಸ್ತೆಯಲ್ಲಿ ಜಿಂಕೆಗೆ ಬಡಿಯುವ ಕಾರು ಪೆಟ್ರೋಲಿನದೋ ಬ್ಯಾಟರಿಯದೋ ಎನ್ನುವುದರಿಂದ ಜಿಂಕೆಗೆ ವ್ಯತ್ಯಾಸವಿಲ್ಲ. ಗೋಪಾಲಸ್ವಾಮಿ ಬೆಟ್ಟದ ತಿರುವಿನಲ್ಲಿ ನೂರು ಎಲೆಕ್ಟ್ರಿಕ್ ಕಾರು ಸಿಕ್ಕಿಕೊಂಡರೂ ಸಿಕ್ಕಿಕೊಂಡದ್ದೇ. ಇಂಧನ ಬದಲಿಸುವುದರಿಂದ ನೀಗುವ ತೊಂದರೆ ಬೇರೆ, ವಾಹನದ ಸಂಖ್ಯೆ ಇಳಿಸುವುದರಿಂದ ನೀಗುವ ತೊಂದರೆ ಬೇರೆ. ನೀಲಗಿರಿಯವರು ಇದನ್ನು ಬೇಗ ಅರ್ಥಮಾಡಿಕೊಂಡರು. ಮದರಾಸು ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಊಟಿಗೆ ಹೋಗುವ ಪ್ರವಾಸಿ ವಾಹನಗಳಿಗೆ ಇ-ಪಾಸ್ ಬಂತು. 2025ರ ಏಪ್ರಿಲ್‌ನಿಂದ ಸೀಸನ್ನಿನಲ್ಲಿ ವಾರದ ದಿನಗಳಿಗೆ 6,000, ವಾರದ ಕೊನೆಗೆ 8,000 ವಾಹನ ಎಂಬ ಮಿತಿಯೂ ಬಿತ್ತು. ಸರ್ಕಾರಿ ಬಸ್ಸಿನಲ್ಲಿ ಹೋಗುವವರಿಗೆ ಪಾಸ್ ಬೇಡ. ಬಸ್ಸಿನಲ್ಲಿ ಹೋಗುವವನಿಗೆ ಕಾರಿನವನಿಗಿಂತ ಒಂದು ಅನುಕೂಲ ಹೆಚ್ಚು ಎನ್ನುವ ಏರ್ಪಾಟು ನಮ್ಮಲ್ಲಿ ಬಲು ಅಪರೂಪ.

ವಯನಾಡಿನ ಪ್ರಶ್ನೆಯನ್ನು ಹಾಗೇ ಬಿಟ್ಟು ಮುಂದೆ ಹೋದರೆ ವಾದ ಕುಂಟುತ್ತದೆ. 2018ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಕಾಡಿನೊಳಗೆ ಅಲ್ಲಲ್ಲಿ ಎತ್ತರಿಸಿದ ರಸ್ತೆ ಕಟ್ಟಿ, ಉಳಿದೆಡೆ ಬೇಲಿ ಹಾಕಿ ರಾತ್ರಿಯೂ ವಾಹನ ಬಿಡೋಣ ಎಂದಿತು, ಕರ್ನಾಟಕ ಒಪ್ಪಲಿಲ್ಲ. 2019ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು, ಬದಲಿ ರಸ್ತೆಯೇ ಇರುವಾಗ ಈ ರಸ್ತೆಯನ್ನು ಪೂರ್ತಿ ಮುಚ್ಚಬಾರದೇಕೆ ಎಂದು ಕೇಳಿದ್ದರಿಂದ ಅತ್ತ ಬತ್ತೇರಿ ಸಿಡಿಯಿತು. ಗೋಣಿಕೊಪ್ಪ, ಕುಟ್ಟದ ಸುತ್ತುರಸ್ತೆಗೆ ಕರ್ನಾಟಕ ಸುಮಾರು 75 ಕೋಟಿ ರೂಪಾಯಿ ಹಾಕಿ ರಿಪೇರಿ ಮಾಡಿಸಿತು. ಆ ದಾರಿಯೂ ನಾಗರಹೊಳೆಯ ಅಂಚಿನಲ್ಲೇ ಹೋಗುತ್ತದೆ, ಸುಮಾರು 30 ಕಿಲೋಮೀಟರು ಹೆಚ್ಚು ಡೀಸೆಲ್ ಕುಡಿಯುತ್ತದೆ ಎನ್ನುವ ಟೀಕೆಯನ್ನು ನಾನು ತಳ್ಳಿಹಾಕುವುದಿಲ್ಲ. ಆದರೂ ಒಟ್ಟು ಲೆಕ್ಕದಲ್ಲಿ ರಾತ್ರಿಯ ಒಂಬತ್ತು ಗಂಟೆ ಬಂಡೀಪುರಕ್ಕೆ ಸಿಗಲೇಬೇಕು. ವಯನಾಡಿನವರ ಸಂಕಟಕ್ಕೆ ಪರಿಹಾರ ಗೇಟು ತೆಗೆಯುವುದರಲ್ಲಿಲ್ಲ, ರಾತ್ರಿ ಬಿಡುವ ಸರ್ಕಾರಿ ಬಸ್ಸುಗಳು ಅವರಿಗೆ ನಿಜವಾಗಿ ಉಪಯೋಗವಾಗುವ ಹೊತ್ತಿನಲ್ಲಿ ಓಡುವುದರಲ್ಲಿದೆ. ಒಬ್ಬೊಬ್ಬರಿಗೆ ಒಂದು ಕಾರು ಬಿಡಿ ಎನ್ನುವ ಬೇಡಿಕೆಗೆ ಮಣಿಯುವುದು ಬೇರೆ, ಇಷ್ಟು ಜನ ದಾಟಲೇಬೇಕು ಎನ್ನುವ ಅಗತ್ಯಕ್ಕೆ ಬಸ್ಸು ಕೊಡುವುದು ಬೇರೆ. ಇದನ್ನು ಕರ್ನಾಟಕ ಇನ್ನೂ ಮನಸ್ಸಿಟ್ಟು ಮಾಡಿಲ್ಲ ಎಂಬುದು ನಮ್ಮ ಕಡೆಯ ಬಾಕಿ.

ಮುಂದಿನ ಪರೀಕ್ಷೆ ಬಿಳಿಗಿರಿರಂಗನ ಬೆಟ್ಟ. 2011ರಿಂದ ಅದೂ ಹುಲಿ ಸಂರಕ್ಷಿತ ಪ್ರದೇಶ. ಯಳಂದೂರು ಕಡೆಯಿಂದ ಗುಂಬಳ್ಳಿಯ ಚೆಕ್‌ಪೋಸ್ಟ್, ಚಾಮರಾಜನಗರದ ಕಡೆಯಿಂದ ಹೊಂಡರಬಾಳು, ಕೆ. ಗುಡಿಯ ದಾರಿ; ರಜಾ ದಿನಗಳಲ್ಲಿ ಎರಡೂ ಕಡೆ ಕಾರುಗಳೋ ಕಾರುಗಳು. ಗೋಪಾಲಸ್ವಾಮಿ ಬೆಟ್ಟದ ಮೇಲೆ ಊರಿಲ್ಲ, ಇಲ್ಲಿ ಇದೆ. ಸೋಲಿಗರ ಪೋಡುಗಳಿವೆ, ಆಸ್ಪತ್ರೆ ಇದೆ, ಶಾಲೆ ಇದೆ. ಬೆಟ್ಟದ ರಂಗಪ್ಪ ಸೋಲಿಗರಿಗೆ ಬರೀ ದೇವರಲ್ಲ, ತಮ್ಮ ಹೆಣ್ಣು ಕುಸುಮಾಲೆಯನ್ನು ಕೂಡಿಕೊಂಡ ಭಾವ. ಆದ್ದರಿಂದ ಗೋಪಾಲಸ್ವಾಮಿ ಬೆಟ್ಟದ ಕಟ್ಟಲೆಯನ್ನು ಇಲ್ಲಿಗೆ ಹಾಗೇ ಎತ್ತಿ ತಂದು ಹಾಕಿದರೆ ತಾಳವಾಡಿಯ ತಪ್ಪೇ ಇಲ್ಲೂ ಆಗುತ್ತದೆ. ಶನಿವಾರ, ಭಾನುವಾರ ಮತ್ತು ಹಬ್ಬದ ರಜೆಗಳಲ್ಲಿ ಪ್ರವಾಸಿಗಳ ಕಾರು ತಪ್ಪಲಿನಲ್ಲಿ ನಿಲ್ಲಲಿ, ಊರವರ ವಾಹನಕ್ಕೆ ತಡೆ ಬೇಡ. ಜಿಲ್ಲಾಡಳಿತ, ಅರಣ್ಯ ಇಲಾಖೆ, ಸಾರಿಗೆ ನಿಗಮ ಮೂವರೂ ಒಂದೇ ಮೇಜಿನ ಮುಂದೆ ಕೂತರೆ ಒಂದು ಸೀಸನ್ನಿನಲ್ಲಿ ಆಗುವ ಕೆಲಸವಿದು. ಮೊದಲು ಬಸ್ಸುಗಳನ್ನು ಹೆಚ್ಚಿಸಿ, ಅವು ಹೊತ್ತಿಗೆ ಸರಿಯಾಗಿ ಓಡುವುದನ್ನು ಜನ ಕಣ್ಣಾರೆ ನೋಡಲಿ, ಆಮೇಲೆ ಕಾರುಗಳನ್ನು ನಿಲ್ಲಿಸಿ. ಪೋಡುಗಳಿಂದ ಬರುವವರಿಗೆ ಆ ಬಸ್ಸಿನಲ್ಲಿ ಮೊದಲ ಸೀಟು ಇರಲಿ.